ಬೋರ್‌ವೆಲ್ ನೀರು ಉಪ್ಪಾಗಿದ್ದರೆ ಅಳಿವೆಯ ಮೀನು ಸಾಕಬಹುದೇ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಮನೆಯಲ್ಲಿ ಅಕ್ವೇರಿಯಂ ಇಡುವವರು ಮೀನಿಗಿಂತ ಮೊದಲು ನೀರಿನ ಬಗ್ಗೆ ಯೋಚಿಸಬೇಕಾಗುತ್ತದೆ. ಕಬ್ಬಿನ ಹೊಲಗಳ ನಡುವಿನ ಅನೇಕ ಬೋರ್‌ವೆಲ್‌ಗಳ ನೀರು ಬಾಯಿಗೆ ಉಪ್ಪೆನಿಸುತ್ತದೆ. ನೀರು ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತದೆ. ಆಗ ಒಂದು ಲೆಕ್ಕಾಚಾರ ಸಹಜವಾಗಿಯೇ ತಲೆಗೆ ಬರುತ್ತದೆ: ‘ನಮ್ಮ ನೀರು ಹೇಗೂ ಸವಳು, ಸಮುದ್ರ ಮತ್ತು ನದಿ ಕೂಡುವ ಅಳಿವೆಯ ಮೀನುಗಳನ್ನೇ ತಂದು ಬಿಟ್ಟರಾಯಿತು.’

ಈ ಲೆಕ್ಕ ತಪ್ಪು. ಏಕೆ ತಪ್ಪು ಎಂಬುದು ಗೊತ್ತಾದರೆ ಯಾವ ಮೀನು ಯಾವುದರ ಜೊತೆ ಹೊಂದುತ್ತದೆ ಎಂಬುದೂ ಅರ್ಥವಾಗುತ್ತದೆ.

ಸವಳು ನೀರು, ಚೌಳು ನೀರು, ಹಿನ್ನೀರು

ಗೊಂದಲ ಪದಗಳಿಂದಲೇ ಶುರುವಾಗುತ್ತದೆ. ಸಿಹಿನೀರಿಗಿಂತ ಉಪ್ಪು, ಸಮುದ್ರಕ್ಕಿಂತ ಸಪ್ಪೆ ಇರುವ ನೀರನ್ನು ಇಂಗ್ಲಿಷಿನಲ್ಲಿ ಬ್ರ್ಯಾಕಿಶ್ ಎನ್ನುತ್ತಾರೆ. ಕನ್ನಡದಲ್ಲಿ ಚೌಳು ನೀರು ಎನ್ನುವುದುಂಟು. ನಮ್ಮ ಹೊಲದ ‘ಸವಳು’ ಕೂಡ ಅದೇ ಪದದ ಇನ್ನೊಂದು ರೂಪ. ಇನ್ನು ‘ಹಿನ್ನೀರು’ ಎಂದರೆ ಕರಾವಳಿಯವರಿಗೆ ಸಮುದ್ರದ ಉಬ್ಬರ ಒಳನುಗ್ಗುವ ಜಾಗ, ಬೀಳಗಿಯವರಿಗೆ ಆಲಮಟ್ಟಿ ಜಲಾಶಯದ ನೀರು. ಆಲಮಟ್ಟಿಯ ಹಿನ್ನೀರು ಪೂರ್ತಿ ಸಿಹಿನೀರು. ಇಲ್ಲಿಂದ ಹರಿಯುವ ಕೃಷ್ಣೆ ಸಮುದ್ರ ಸೇರುವುದು ದೂರದ ಆಂಧ್ರಪ್ರದೇಶದ ಹಂಸಲದೀವಿ ಬಳಿ. ‘ಹಿನ್ನೀರಿನ ಮೀನು’ ಎಂದು ಎಲ್ಲಾದರೂ ಓದಿ ಮೋಸಹೋಗಬೇಡಿ.

ಎರಡೂ ಉಪ್ಪೇ ಅಲ್ಲವೇ?

ಮೊದಲು ಪ್ರಮಾಣ ನೋಡೋಣ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಅಳಿವೆಯ ಮೀನುಗಳ ತೊಟ್ಟಿಗೆ ಸಾಮಾನ್ಯವಾಗಿ 7ರಿಂದ 15 ಗ್ರಾಂ ಬೇಕು. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಕರಗಿದ ಲವಣದ (ಟಿಡಿಎಸ್) ಅಪೇಕ್ಷಣೀಯ ಮಿತಿ ಲೀಟರಿಗೆ 500 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 2000 ಮಿಲಿಗ್ರಾಂವರೆಗೆ ಒಪ್ಪಬಹುದು. ಅಂದರೆ ಬರೀ 2 ಗ್ರಾಂ. ನಮ್ಮ ನಾಲಿಗೆಗೆ ಸಾಕಷ್ಟು ಉಪ್ಪೆನಿಸುವ ನೀರು ಅಳಿವೆಯ ಮೀನಿಗೆ ಇನ್ನೂ ಸಪ್ಪೆಯೇ.

ಎರಡನೆಯದು ಯಾವ ಲವಣ ಎಂಬುದು. ಸಮುದ್ರದ ಲವಣದಲ್ಲಿ ಸುಮಾರು ಶೇ. 85 ಭಾಗ ಸೋಡಿಯಂ ಮತ್ತು ಕ್ಲೋರೈಡ್. ಉಳಿದದ್ದು ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಇತ್ಯಾದಿ. ಇವುಗಳ ಅನುಪಾತ ಜಗತ್ತಿನ ಎಲ್ಲ ಸಾಗರಗಳಲ್ಲೂ ಹೆಚ್ಚುಕಡಿಮೆ ಒಂದೇ. ಬೋರ್‌ವೆಲ್ ನೀರಿನ ಲವಣ ಬಂದಿರುವುದು ಕಲ್ಲು-ಮಣ್ಣಿನಿಂದ. ಕಾಲುವೆ ನೀರಾವರಿಯಲ್ಲಿ ಅತಿಯಾಗಿ ನೀರು ಬಿಟ್ಟ ಕಪ್ಪುಮಣ್ಣಿನಲ್ಲಿ ಅಂತರ್ಜಲ ಮೇಲೇರಿ, ನೀರು ಆವಿಯಾಗಿ, ಲವಣ ಉಳಿಯುತ್ತದೆ. ಹೊಲ ಸವಳು-ಜವಳಾಗುವುದೂ ಹೀಗೆಯೇ. ಇಂಥ ನೀರಿನಲ್ಲಿ ಕ್ಯಾಲ್ಸಿಯಂ, ಬೈಕಾರ್ಬೊನೇಟ್, ಸಲ್ಫೇಟ್‌ಗಳ ಪಾಲು ಸಮುದ್ರಕ್ಕಿಂತ ಬೇರೆ, ಅದೂ ಹೊಲದಿಂದ ಹೊಲಕ್ಕೆ ಬೇರೆ.

ಈ ವ್ಯತ್ಯಾಸ ಎಷ್ಟು ಮುಖ್ಯ ಎಂಬುದಕ್ಕೆ ಹರಿಯಾಣದ ಉದಾಹರಣೆ ಇದೆ. ಅಲ್ಲಿನ ಒಳನಾಡಿನ ಉಪ್ಪು ಅಂತರ್ಜಲದಲ್ಲಿ ಸಿಗಡಿ ಸಾಕಲು ಹೊರಟಾಗ ದೊಡ್ಡ ತೊಡಕಾಗಿ ಕಂಡದ್ದು ಪೊಟ್ಯಾಸಿಯಂ ಕೊರತೆ. ನೀರು ಬೇಕಾದಷ್ಟು ಉಪ್ಪಿದ್ದರೂ ಪೊಟ್ಯಾಸಿಯಂ ಸೇರಿಸಿದ ಮೇಲೆಯೇ ಸಿಗಡಿ ಚೆನ್ನಾಗಿ ಬದುಕಿದವು. ಆರ್‌ಒ ರಿಪೇರಿಯವರ ಟಿಡಿಎಸ್ ಪೆನ್ನು ಒಟ್ಟು ಲವಣ ಎಷ್ಟೆಂದು ಅಂದಾಜು ಹೇಳುತ್ತದೆ, ಯಾವ ಲವಣ ಎಂದು ಹೇಳುವುದಿಲ್ಲ.

ಮೀನಿನ ದೇಹದಲ್ಲಿ ಏನಾಗುತ್ತದೆ?

ಮೀನಿನ ರಕ್ತದಲ್ಲಿ ಲವಣ ಸಮುದ್ರದ ಸುಮಾರು ಮೂರನೇ ಒಂದು ಪಾಲಿನಷ್ಟಿರುತ್ತದೆ. ಸಿಹಿನೀರಿನಲ್ಲಿ ಹೊರಗಿನ ನೀರು ಕಿವಿರು-ಚರ್ಮದ ಮೂಲಕ ಒಳನುಗ್ಗುತ್ತದೆ, ಮೀನು ಅದನ್ನು ಮೂತ್ರವಾಗಿ ಹೊರಹಾಕುತ್ತಲೇ ಇರಬೇಕು. ಸಮುದ್ರದಲ್ಲಿ ಇದಕ್ಕೆ ತಿರುಗುಮುರುಗು: ದೇಹದ ನೀರು ಹೊರಗೆ ಹೋಗುತ್ತದೆ, ಮೀನು ನೀರು ಕುಡಿದು ಹೆಚ್ಚಾದ ಉಪ್ಪನ್ನು ಕಿವಿರಿನಿಂದ ಹೊರತಳ್ಳಬೇಕು. ಅಳಿವೆಯ ಮೀನು ಎರಡನ್ನೂ ಮಾಡಬಲ್ಲದು. ಗೋಕರ್ಣದ ಬಳಿಯ ಅಘನಾಶಿನಿ ಅಳಿವೆಯಲ್ಲಿ ಬೇಸಿಗೆಗೆ ಉಪ್ಪು ಏರುತ್ತದೆ, ಮಳೆಗಾಲದಲ್ಲಿ ಬಹಳ ಇಳಿಯುತ್ತದೆ. ಅಲ್ಲಿನ ಮೀನು ಬೇಕೆನಿಸಿದಾಗ ಜಾಗ ಬದಲಿಸುತ್ತದೆ. ಗಾಜಿನ ತೊಟ್ಟಿಯಲ್ಲಿ ಆ ಆಯ್ಕೆ ಇಲ್ಲ. ವರ್ಷಗಟ್ಟಲೆ ತಪ್ಪು ನೀರಿನಲ್ಲಿದ್ದ ಮೀನು ಕೂಡಲೇ ಸಾಯದೆ ಬಣ್ಣಗೆಟ್ಟು, ರೋಗ ಹಿಡಿದು ನಿಧಾನವಾಗಿ ಸಾಯುತ್ತದೆ.

ಯಾವುದರ ಜೊತೆ ಯಾವುದು?

ಮೂರು ಪ್ರಶ್ನೆ ಕೇಳಿ: ಎಷ್ಟು ಉಪ್ಪು ಬೇಕು? ಎಷ್ಟು ದೊಡ್ಡದಾಗುತ್ತದೆ? ಏನು ತಿನ್ನುತ್ತದೆ? ಮೂರಕ್ಕೂ ಉತ್ತರ ಹೊಂದಿದರೆ ಮಾತ್ರ ಜೊತೆ ಬಿಡಿ.

ಕಡಿಮೆ ಉಪ್ಪಿನ ತೊಟ್ಟಿ: ಮೋಲಿ ಮತ್ತು ಆರೆಂಜ್ ಕ್ರೋಮೈಡ್ ಹೊಂದುತ್ತವೆ. ಕ್ರೋಮೈಡ್ ದಕ್ಷಿಣ ಭಾರತ ಮತ್ತು ಶ್ರೀಲಂಕಾದ್ದೇ ಮೀನು, ಸುಮಾರು 8 ಸೆಂ.ಮೀ. ಬೆಳೆಯುತ್ತದೆ. ಮೋಲಿಯ ಮರಿಗಳನ್ನು ಅದು ತಿನ್ನಬಹುದು. ಬಂಬಲ್‌ಬೀ ಗೋಬಿ ಮೂರ್ನಾಲ್ಕು ಸೆಂ.ಮೀ.ನ ನಿಧಾನದ ಮೀನು. ಚುರುಕು ಮೀನುಗಳ ಜೊತೆ ಇದ್ದರೆ ಅದಕ್ಕೆ ಆಹಾರವೇ ಸಿಗುವುದಿಲ್ಲ, ಬೇರೆ ಇಡಿ.

ಹೆಚ್ಚು ಉಪ್ಪಿನ ತೊಟ್ಟಿ: ಸ್ಕ್ಯಾಟ್, ಮೋನೋ, ಬಾಯಿಯಿಂದ ನೀರು ಚಿಮ್ಮಿಸಿ ಹುಳು ಬೀಳಿಸುವ ಆರ್ಚರ್. ಅಂಗಡಿಯಲ್ಲಿ ಇವು ನಾಣ್ಯದಷ್ಟಿದ್ದರೂ ಮುಂದೆ 20-30 ಸೆಂ.ಮೀ. ಆಗಬಲ್ಲವು. ಸ್ಕ್ಯಾಟ್, ಮೋನೋಗಳಿಗೆ ಬೆಳೆದಂತೆ ಉಪ್ಪೂ ಹೆಚ್ಚಬೇಕು. ನಾಲ್ಕೈದು ನೂರು ಲೀಟರ್ ತೊಟ್ಟಿಗೆ ಜಾಗವಿಲ್ಲದಿದ್ದರೆ ತರಬೇಡಿ. ಕೇರಳ ತನ್ನ ರಾಜ್ಯ ಮೀನೆಂದು ಘೋಷಿಸಿದ ಕರಿಮೀನ್‌ಗೂ ಇದೇ ಮಾತು.

ಒಂಟಿಯಾಗಿ: ಗ್ರೀನ್ ಸ್ಪಾಟೆಡ್ ಪಫರ್. ಮರಿಯಲ್ಲಿ ಮುದ್ದಾಗಿರುತ್ತದೆ, ಬೆಳೆದ ಮೇಲೆ ಉಳಿದ ಮೀನುಗಳ ರೆಕ್ಕೆ ಕಚ್ಚುತ್ತದೆ. ಹಲ್ಲು ಸವೆಯಲು ಚಿಪ್ಪಿರುವ ಆಹಾರ ಬೇಕು.

ಇನ್ನು, ಮೈ ಪಾರದರ್ಶಕವಾಗಿರುವ ಗ್ಲಾಸ್ ಫಿಶ್‌ಗೆ ಉಪ್ಪು ಬೇಕೇಬೇಕು ಎಂಬ ಮಾತು ಬಹಳ ಹಳೆಯದು. ನಮ್ಮ ಅಂಗಡಿಗಳಲ್ಲಿ ಸಿಗುವ ಇಂಡಿಯನ್ ಗ್ಲಾಸ್ ಫಿಶ್ ಮುಖ್ಯವಾಗಿ ಸಿಹಿನೀರಿನ ಮೀನು.

ಅಡುಗೆ ಉಪ್ಪು ಹಾಕಿದರೆ?

ಅಯೋಡಿನ್ ಮೀನನ್ನು ಕೊಲ್ಲುತ್ತದೆ ಎನ್ನುತ್ತಾರೆ. ಉಪ್ಪಿನಲ್ಲಿರುವ ಅಯೋಡಿನ್ ಅತ್ಯಲ್ಪ, ಅದು ಸಮಸ್ಯೆಯಲ್ಲ. ಅಡುಗೆ ಉಪ್ಪು ಬಹುಪಾಲು ಸೋಡಿಯಂ ಕ್ಲೋರೈಡ್ ಮಾತ್ರ ಎಂಬುದೇ ಸಮಸ್ಯೆ. ಸಾಣಿಕಟ್ಟಾದ ಗದ್ದೆಯ ಉಪ್ಪು ಸಮುದ್ರದ್ದೇ ಆದರೂ, ಉಪ್ಪು ಹರಳುಗಟ್ಟುವಾಗ ಮೆಗ್ನೀಸಿಯಂನಂಥ ಲವಣಗಳ ಬಹುಪಾಲು ಉಳಿದ ನೀರಿನಲ್ಲೇ ಹೋಗಿಬಿಡುತ್ತವೆ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಮರೈನ್ ಸಾಲ್ಟ್ ಬಳಸಿ. ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ 100 ಲೀಟರ್ ನೀರಿಗೆ ಸುಮಾರು 700 ಗ್ರಾಂ ಹಾಕಿದರೆ ಹೈಡ್ರೋಮೀಟರ್ 1.005ರ ಆಸುಪಾಸು ತೋರಿಸುತ್ತದೆ. ಮೀನು ಇರುವ ತೊಟ್ಟಿಯಲ್ಲಿ ಉಪ್ಪು ಏರಿಸುವಾಗ ವಾರಕ್ಕೆ 0.002ಕ್ಕಿಂತ ಹೆಚ್ಚು ಬೇಡ. ಫಿಲ್ಟರಿನ ಉಪಯುಕ್ತ ಬ್ಯಾಕ್ಟೀರಿಯಾಗಳಿಗೂ ಹೊಂದಿಕೊಳ್ಳಲು ಸಮಯ ಬೇಕು.

ಬೇಸಿಗೆಯಲ್ಲಿ ಇನ್ನೊಂದು ಎಚ್ಚರ. ಆವಿಯಾಗುವುದು ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಕಡಿಮೆಯಾದಷ್ಟಕ್ಕೆ ಆರ್‌ಒ ನೀರನ್ನೇ ತುಂಬಿ. ಬೋರ್ ನೀರು ತುಂಬುತ್ತ ಹೋದರೆ ತೊಟ್ಟಿಯೊಳಗೆ ಸವಳು ಹೊಲವೇ ತಯಾರಾಗುತ್ತದೆ.

ಹಾಗಾದರೆ ಬೋರ್ ನೀರಿಗೆ ಯಾವ ಮೀನು?

ನೀರು ಗಡಸಾಗಿದ್ದು ಟಿಡಿಎಸ್ ತೀರಾ ಹೆಚ್ಚಿಲ್ಲದಿದ್ದರೆ ಮೋಲಿ, ಗಪ್ಪಿ, ಪ್ಲಾಟಿಗಳು ಚೆನ್ನಾಗಿ ಬದುಕುತ್ತವೆ. ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳಿಗೂ ಗಡಸು ನೀರು ಹಿತ. ಆದರೆ ಜಗಳಗಂಟ ಮೀನುಗಳಾದ್ದರಿಂದ ಅವುಗಳಿಗೆ ಬೇರೆ ತೊಟ್ಟಿ ಬೇಕು. ಇವಕ್ಕೆಲ್ಲ ಉಪ್ಪಿನ ಪ್ಯಾಕೆಟ್ ಬೇಕಿಲ್ಲ.

ಉಪ್ಪಿನ ತೊಟ್ಟಿಯನ್ನೇ ಇಡುವುದಾದರೆ ಬದಲಿಸಿದ ನೀರು ಎಲ್ಲಿಗೆ ಹೋಗುತ್ತದೆ ಎಂದೂ ಯೋಚಿಸಿ. ವಾರಕ್ಕೆ 20 ಲೀಟರ್ ಬದಲಿಸಿದರೆ 140 ಗ್ರಾಂ, ವರ್ಷಕ್ಕೆ 7 ಕಿಲೋಗೂ ಹೆಚ್ಚು ಉಪ್ಪು. ಸಿಹಿನೀರಿನ ತೊಟ್ಟಿಯ ನೀರು ಗಿಡಕ್ಕೆ ಗೊಬ್ಬರ, ಈ ನೀರು ವಿಷ. ತುಳಸಿ ಕಟ್ಟೆಗೂ ಹಿತ್ತಲಿಗೂ ಹಾಕದೆ ಬಚ್ಚಲಿಗೆ ಬಿಡಿ. ಬೇಡವಾದ ಮೀನನ್ನು ಘಟಪ್ರಭೆಗೋ ಕೃಷ್ಣೆಗೋ ಬಿಡದೆ ಅಂಗಡಿಗೆ ಹಿಂದಿರುಗಿಸಿ. ಸವಳಿನಿಂದ ಹೊಲ ಕಳೆದುಕೊಂಡ ಸೀಮೆಯಲ್ಲಿ ಅಷ್ಟು ಉಪ್ಪೂ ಲೆಕ್ಕಕ್ಕೆ ಬರುತ್ತದೆ.