ಪ್ರಸೂತಿಸಾಧನದ ಪರೀಕ್ಷೆ ಯಾರ ಒಡಲ ಮೇಲೆ?

ಹೆರಿಗೆಯು ಹೆಣ್ಣಿಗೆ ಮರುಹುಟ್ಟೆಂದು ಹಿರಿಯರು ಹೇಳುತ್ತ ಬಂದುದು ಮಾತಿನ ಅಲಂಕಾರಕ್ಕಾಗಿ ಅಲ್ಲ. ಶಿಶುವಿನ ಶಿರಸ್ಸು ನಡುದಾರಿಯಲ್ಲಿ ನಿಂತುಬಿಟ್ಟರೆ ಎರಡು ಜೀವಗಳೂ ತೂಗುಯ್ಯಾಲೆಯಲ್ಲಿರುವುವು. ಅಂಥ ಸಮಯಕ್ಕಾಗಿ ಇಕ್ಕುಳವೂ ನಿರ್ವಾತದಿಂದ ಎಳೆಯುವ ಬಟ್ಟಲೂ ಬಹುಕಾಲದಿಂದ ಬಳಕೆಯಲ್ಲಿವೆ. ಈಗ ಹೊಸ ಸಾಧನಗಳು ಹುಟ್ಟುತ್ತಿವೆ. ಅವನ್ನು ಅನುಕೂಲ ಸಾಲದ ಆಸ್ಪತ್ರೆಗಳಲ್ಲಿ ಪರೀಕ್ಷಿಸಬೇಕೆಂಬ ಮಾತೂ ಎದ್ದಿದೆ. ಅಂಥ ಆಸ್ಪತ್ರೆಗಳೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಂಥ ಊರುಗಳವೇ ಆದುದರಿಂದ ವಾಚಕರು ಈ ವಿಷಯದಲ್ಲಿ ಉದಾಸೀನರಾಗಿರಲಾಗದು.

ಇವುಗಳಲ್ಲಿ ಒಂದರ ಕಥೆ ವಿಚಿತ್ರವಾದುದು. ಅರ್ಜೆಂಟೀನಾ ದೇಶದ ಹೋರ್ಹೆ ಓಡೋನ್ ಎಂಬ ಮೋಟಾರು ದುರಸ್ತಿಗಾರನು, ಸೀಸೆಯೊಳಗೆ ಬಿದ್ದ ಬಿರಡೆಯನ್ನು ಚೀಲವೊಂದನ್ನು ಊದಿ ಹೊರಗೆಳೆಯುವ ಚಮತ್ಕಾರವನ್ನು 2006ರಲ್ಲಿ ನೋಡಿ, ಅದೇ ಉಪಾಯದಿಂದ ಶಿಶುವನ್ನೂ ಹೊರತರಬಹುದೆಂದು ಯೋಚಿಸಿದನು. ಗಾಜಿನ ಜಾಡಿಯೇ ಗರ್ಭವಾಯಿತು. ಮಗಳ ಬೊಂಬೆಯೇ ಶಿಶುವಾಯಿತು. ವಿಶ್ವ ಆರೋಗ್ಯ ಸಂಸ್ಥೆಯು ಈ ಸಾಧನಕ್ಕೆ ಬೆಂಬಲವಿತ್ತಿತು. ಇದನ್ನು ಕೇಳಿ ನಗಬೇಕಾದುದಿಲ್ಲ. ನಮ್ಮ ಸುಶ್ರುತಾಚಾರ್ಯರೂ ಶಿಷ್ಯರು ಕುಂಬಳ, ಸೋರೆ, ಸೌತೆಗಳ ಮೇಲೂ ತೊಗಲಿನ ಚೀಲಗಳ ಮೇಲೂ ಕೈಪಳಗಿಸಿಕೊಂಡ ಬಳಿಕವೇ ಶಸ್ತ್ರಕರ್ಮಕ್ಕೆ ಇಳಿಯತಕ್ಕದ್ದೆಂದು ವಿಧಿಸಿರುವರು. ಆದರೆ ಬೊಂಬೆಯನ್ನೂ ಸೋರೆಯನ್ನೂ ದಾಟಿದ ಮೇಲೆ ಯಾವಳೋ ಒಬ್ಬ ತಾಯಿಯ ಒಡಲು ಬಂದೇ ಬರುವುದು. ಆ ತಾಯಿ ಯಾರು? ಇದೇ ಪ್ರಶ್ನೆ.

ಒಂದು ಪೂರ್ವಪಕ್ಷವುಂಟು: ನಮ್ಮ ಹೆಣ್ಣುಮಕ್ಕಳ ಮೇಲೆ ಯಾವ ಪರೀಕ್ಷೆಯೂ ಬೇಡವೆಂಬುದು. ಇದು ಅಭಿಮಾನದ ಮಾತು, ವಿವೇಕದ್ದಲ್ಲ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದವರು 1620 ಸ್ತ್ರೀಯರಲ್ಲಿ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಪರೀಕ್ಷಿಸಿದರು. ಸಪ್ಪೆ ಮಾತ್ರೆ ನುಂಗಿದವರಲ್ಲಿ ನೂರಕ್ಕೆ 12 ಮಂದಿಗೆ ಅತಿರಕ್ತಸ್ರಾವವಾದರೆ, ಔಷಧ ನುಂಗಿದವರಲ್ಲಿ ಅದು 6.4ಕ್ಕೆ ಇಳಿಯಿತು. ಹರಿದ ರಕ್ತವನ್ನು ಅಳೆಯಲು ಗೆರೆಗಳುಳ್ಳ ಅಗ್ಗದ ಪ್ಲಾಸ್ಟಿಕ್ ಹಾಸನ್ನು ಬಳಸಿದರು. ಅಂಥದೇ ಹಾಸು, ಕೂಡಲೇ ಕೊಡುವ ಚಿಕಿತ್ಸೆಯೊಡನೆ ಸೇರಿ, ಆಫ್ರಿಕದ ನಾಲ್ಕು ದೇಶಗಳಲ್ಲಿ ತೀವ್ರ ರಕ್ತಸ್ರಾವವನ್ನು ನೂರಕ್ಕೆ ಅರುವತ್ತರಷ್ಟು ತಗ್ಗಿಸಿತೆಂದು 2023ರಲ್ಲಿ ಸಿದ್ಧವಾಯಿತು. ಪರೀಕ್ಷೆಯೇ ಬೇಡವೆಂದಿದ್ದರೆ ಈ ಉಪಕಾರವೆಲ್ಲಿ?

ಪರೀಕ್ಷೆಯ ಹೆಸರಿಲ್ಲದುದೆಲ್ಲ ನಿರಪಾಯವೆಂಬುದೂ ಭ್ರಮೆಯೇ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಿಂದ ಹೆತ್ತವರಲ್ಲಿ ಐವರು ಬಾಣಂತಿಯರು ಅಸುನೀಗಿದರು; ನಾಳಕ್ಕೆ ಹರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂದೇಹ ಬಿದ್ದಿತು. ಅದು ಹೊಸ ಯಂತ್ರವಲ್ಲ, ನಿತ್ಯದ ವಸ್ತು.

ಎರಡನೆಯ ಪೂರ್ವಪಕ್ಷವು ಇದಕ್ಕಿಂತ ಅಪಾಯಕರ: ಏನೂ ಇಲ್ಲದವರಿಗೆ ಏನಾದರೂ ದೊರೆತರೆ ಲಾಭವೇ ಅಲ್ಲವೆ ಎಂಬುದು. ಓಡೋನನ ಸಾಧನವನ್ನು 2018-19ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 40 ಮಂದಿ ತಾಯಂದಿರಲ್ಲಿ ಪರೀಕ್ಷಿಸಿದಾಗ, ಅದರಿಂದಲೇ ಹೆರಿಗೆ ಪೂರ್ಣವಾದುದು ಅರ್ಧಕ್ಕಿಂತಲೂ ಕಡಿಮೆ ಮಂದಿಗೆ. ಮಿಕ್ಕವರ ಗತಿಯೇನು? ಇಕ್ಕುಳ ಹಿಡಿಯಬಲ್ಲ ವೈದ್ಯರು ಪಕ್ಕದಲ್ಲಿದ್ದರು. ಶಸ್ತ್ರಾಗಾರವು ಅದೇ ಕಟ್ಟಡದಲ್ಲಿತ್ತು. ಅಲ್ಲಿ ಸಾಧನ ಸೋತರೆ ಸಾಧನ ಮಾತ್ರ ಸೋಲುವುದು. ಅರಿವಳಿಕೆ ಕೊಡುವವರಾಗಲಿ ರಕ್ತದ ದಾಸ್ತಾನಾಗಲಿ ರಾತ್ರಿ ದೊರೆಯದ ಊರಿನಲ್ಲಿ ಅದೇ ಸಾಧನ ಸೋತರೆ ತಾಯಿಯು ಹರಪನಹಳ್ಳಿಯಿಂದ ದಾವಣಗೆರೆಗೋ, ಕೂಡ್ಲಿಗಿಯಿಂದ ಬಳ್ಳಾರಿಗೋ ದಾರಿಯಲ್ಲಿ ನರಳಬೇಕಾಗುವುದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟವೆಂದರೆ ಇದೇ.

ಶಸ್ತ್ರಕ್ರಿಯೆಗೆ ಅನುಕೂಲವಿಲ್ಲದ ಸ್ಥಳಗಳಿಗಾಗಿಯೇ ಈ ಸಾಧನ, ಅಲ್ಲಿಯೇ ಪರೀಕ್ಷಿಸದೆ ಗುಣ ತಿಳಿಯುವುದೆಂತು ಎಂದು ಕೇಳುವರು. ಸರಿಯಾದ ಪ್ರಶ್ನೆ. ಉತ್ತರವಿಷ್ಟೆ: ಪರೀಕ್ಷಿಸುವವರು ಮೊದಲು ಆ ಅನುಕೂಲವನ್ನು ತಂದಿಡಲಿ. ಅರಿವಳಿಕೆಯವರು, ರಕ್ತ, ನುರಿತ ಶಸ್ತ್ರವೈದ್ಯರು, ಸಿದ್ಧವಾದ ಆಂಬ್ಯುಲೆನ್ಸು, ಇವು ಹಗಲಿರುಳೂ ಇರಲಿ. ಪರೀಕ್ಷೆ ಮುಗಿದ ಮರುದಿನ ಗಂಟುಮೂಟೆ ಕಟ್ಟಿಕೊಂಡು ಹೋಗದೆ ಅಲ್ಲಿಯೇ ಉಳಿಯಲಿ. ಒಡಲನ್ನೊಡ್ಡಿದ ಊರಿಗೆ ಸಲ್ಲಬೇಕಾದ ಕನಿಷ್ಠ ದಕ್ಷಿಣೆ ಇದು. ಸಾಧನವು ಗೆದ್ದರೆ ಅದೂ ಮೊದಲು ಆ ಊರಿಗೇ ದೊರೆಯಬೇಕು.

ಇನ್ನು ಸಮ್ಮತಿಯ ಮಾತು. ಮೂಢಗರ್ಭವನ್ನು ಹೊರತೆಗೆಯುವುದಕ್ಕಿಂತ ಕಷ್ಟತರವಾದುದಿಲ್ಲವೆಂದೂ, ಒಡೆಯನ ಅಪ್ಪಣೆ ಪಡೆದೇ ಅದಕ್ಕೆ ಕೈಹಾಕಬೇಕೆಂದೂ ಸುಶ್ರುತರು ಹೇಳಿರುವರು. ಈ ಕಾಲದಲ್ಲಿ ಆ ಒಡಲಿಗೆ ಅವಳೇ ಒಡತಿ. ನೋವಿನ ನಡುವೆ ಹೆಬ್ಬೆಟ್ಟಿಗೆ ಮಸಿ ಹಚ್ಚಿಸುವುದು ಸಮ್ಮತಿಯಲ್ಲ, ಸುಲಿಗೆ. ತಿಂಗಳ ತಪಾಸಣೆಗೆ ಬಂದಾಗಲೇ ಅವಳ ಆಡುಮಾತಿನಲ್ಲಿ ವಿವರಿಸಬೇಕು. ಒಲ್ಲೆನೆಂದರೆ ಆರೈಕೆಯಲ್ಲಿ ಎಳ್ಳಷ್ಟೂ ಕೊರತೆಯಾಗಬಾರದು. ಪರೀಕ್ಷೆಯಿಂದ ಹಾನಿಯಾದವರಿಗೆ ಉಚಿತ ಚಿಕಿತ್ಸೆಯನ್ನೂ ಪರಿಹಾರವನ್ನೂ 2017ರ ವೈದ್ಯಕೀಯ ಉಪಕರಣಗಳ ನಿಯಮಾವಳಿಯೇ ವಿಧಿಸಿದೆ. ಅದನ್ನು ಅವಳಿಗೆ ಮೊದಲೇ ತಿಳಿಸತಕ್ಕದ್ದು.

ವಾಚಕರು ಮಾಡಬಹುದಾದುದೂ ಒಂದುಂಟು. ತಮ್ಮ ತಾಲ್ಲೂಕಿನ ಹೆರಿಗೆಯ ಕೋಣೆಯಲ್ಲಿ ಬೆಳಗಾವಿಯವರು ಬಳಸಿದಂಥ ಆ ಅಗ್ಗದ ಹಾಸು ಇದೆಯೇ ಎಂದು ಹೋಗಿ ವಿಚಾರಿಸಲಿ. ಇಲ್ಲವೆಂಬ ಉತ್ತರ ಬಂದರೆ, ಮುಂದೆ ಹೊಸ ಸಾಧನವನ್ನು ತರುವವರೊಡನೆ ಮಾತು ಅಲ್ಲಿಂದಲೇ ಆರಂಭವಾಗಲಿ.