ಪಾಲಿಹೌಸ್ ಹಾಳೆಯ ಆಯುಷ್ಯ ಯಾರು ಬರೆದದ್ದು?

ಮೂರು ವರ್ಷ ಗ್ಯಾರಂಟಿ ಅಂತ ಬರೆದ ಪ್ಲಾಸ್ಟಿಕ್ ಹಾಳೆಯ ಕೆಳಗೆ ಏಳು ವರ್ಷದ ಸಾಲ ಕೂತಿರುತ್ತೆ. ಪುಣೆಗೆ ಬಂದು ಇಪ್ಪತ್ತೆಂಟು ವರ್ಷವಾಯ್ತು, ಅದರಲ್ಲಿ ಅರ್ಧ ಕೃಷಿ ಸಾಲದ ಫೈಲುಗಳ ಜೊತೆಗೇ ಕಳೆದಿದೆ. ತಳೇಗಾಂವ್ ಕಡೆಯ ಗುಲಾಬಿ, ಜರ್ಬೆರಾ ಪಾಲಿಹೌಸುಗಳನ್ನು ಬೇಕಾದಷ್ಟು ನೋಡಿದ್ದೇನೆ. ನನ್ನ ಅಭಿಪ್ರಾಯ ಇಷ್ಟೇ: ಹಾಳೆಯ ಆಯುಷ್ಯವನ್ನ ಕ್ಯಾಲೆಂಡರ್ ನೋಡಿ ಹೇಳಬಾರದು, ಆ ಜಾಗದ ಬಿಸಿಲು ನೋಡಿ ಹೇಳಬೇಕು.

ನಾನು ಬಿ.ಕಾಂ. ಓದಿದವನು. ಕೆಮಿಸ್ಟ್ರಿಗೂ ನನಗೂ ಹತ್ತನೇ ಕ್ಲಾಸಿಗೇ ಋಣ ತೀರಿತು! ಆದರೂ ಸಾಲ ಕೊಡುವವನು ಇಷ್ಟಾದರೂ ತಿಳಿದಿರಬೇಕು. ಪಾಲಿಹೌಸಿಗೆ ಹಾಕೋದು ಸಾಮಾನ್ಯವಾಗಿ 200 ಮೈಕ್ರಾನ್ ದಪ್ಪದ ಪಾಲಿಥಿನ್. ಬಿಸಿಲಿನ ಅತಿನೇರಳೆ ಕಿರಣ, ಗಾಳಿಯ ಆಮ್ಲಜನಕ ಎರಡೂ ಸೇರಿ ಅದರ ಉದ್ದನೆಯ ಅಣುಸರಪಳಿಗಳನ್ನು ತುಂಡರಿಸುತ್ತವೆ. ತಡೆಯೋಕೆ ಒಳಗೆ ಸ್ಟೆಬಿಲೈಸರ್ ಬೆರೆಸಿರ್ತಾರೆ. ಅದು ಇರೋ ತನಕ ಹಾಳೆ ಹೆಚ್ಚುಕಡಿಮೆ ಹೊಸದರಂತೆಯೇ. ಅದು ಖರ್ಚಾಯಿತೋ, ನೋಡನೋಡುತ್ತಲೇ ಹಪ್ಪಳ. ಉಳಿತಾಯ ಕರಗಿಸಿ ಕಂತು ಕಟ್ಟುವ ಖಾತೆಯ ಹಾಗೆ... ಹೊರಗಿಂದ ಎಲ್ಲಾ ಸರಿ, ಆಮೇಲೆ ಏಕಾಏಕಿ ಎನ್‌ಪಿಎ.

ಹಾಗಾದರೆ ಆ ಮೂರು ವರ್ಷ ಎಲ್ಲಿಂದ ಬಂತು? ಲ್ಯಾಬಿನಲ್ಲಿ ಹಾಳೆಯನ್ನು ಕ್ಸೆನಾನ್ ದೀಪದ ಕೆಳಗೆ ಇಟ್ಟು, ಆಗಾಗ ನೀರು ಚಿಮುಕಿಸಿ, ಎಳೆದು ನೋಡ್ತಾರೆ. ಹರಿಯುವ ಮುಂಚೆ ಹೊಸ ಹಾಳೆ ಹಿಗ್ಗುತ್ತಿದ್ದುದರ ಅರ್ಧದಷ್ಟು ಮಾತ್ರ ಹಿಗ್ಗಿದರೆ ಅದರ ಆಯುಷ್ಯ ಮುಗಿಯಿತು ಅಂತ ಲೆಕ್ಕ. ನಂತರ ದೀಪದಡಿ ಇಷ್ಟು ಗಂಟೆ ಅಂದರೆ ಹೊರಗೆ ಇಷ್ಟು ವರ್ಷ ಅಂತ ಗುಣಾಕಾರ.

ಹೊರಗೆ ಅಂದರೆ ಯಾವ ಊರಿನ ಹೊರಗೆ ಸ್ವಾಮಿ? ಹಾಲೆಂಡಿನಲ್ಲಿ ಚದರ ಮೀಟರಿಗೆ ವರ್ಷಕ್ಕೆ ಸುಮಾರು 1000 ಯೂನಿಟ್ ಬಿಸಿಲು ಬಿದ್ದರೆ, ನಮ್ಮ ದಖ್ಖನ್ನಿನಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು ಬೀಳುತ್ತೆ. ಕಾದ ಜಿಐ ಪೈಪಿಗೆ ತಾಗಿರೋ ಜಾಗದಲ್ಲೇ ಹಾಳೆ ಮೊದಲು ಬಿರಿಯೋದು. ಅದರ ಮೇಲೆ ಗುಲಾಬಿಯ ಬೂದಿರೋಗಕ್ಕೆ ಗಂಧಕ ಬೇರೆ. ಗಂಧಕ, ಕ್ಲೋರಿನ್ ಇರುವ ಔಷಧಿಗಳು ಸ್ಟೆಬಿಲೈಸರನ್ನೇ ಕೆಲಸಕ್ಕೆ ಬಾರದಂತೆ ಮಾಡುತ್ತವೆ. ಲ್ಯಾಬಿನ ದೀಪಕ್ಕೆ ಇದೆಲ್ಲ ಹೇಗೆ ಗೊತ್ತಾಗಬೇಕು?

"ಪ್ರತಿ ಹೊಸ ಹಾಳೆಗೂ ಮೂರು ವರ್ಷ ಬಿಸಿಲಲ್ಲಿಟ್ಟು ಕಾಯೋಕಾಗುತ್ತಾ ಸಾಹೇಬ್ರೇ?" ಅಂತ ಡೀಲರುಗಳು ಕೇಳ್ತಾರೆ. ನ್ಯಾಯವಾದ ಮಾತು. ಎರಡು ಹಾಳೆಗಳಲ್ಲಿ ಯಾವುದು ಗಟ್ಟಿ ಅಂತ ಹೇಳೋಕೆ ಲ್ಯಾಬ್ ಪರೀಕ್ಷೆ ಬೇಕೇ ಬೇಕು. ಆದರೆ ಯಾವ ವರ್ಷ ಹರಿಯುತ್ತೆ ಅಂತ ತಾರೀಕು ಬರೆದುಕೊಡೋಕೆ ಅದೊಂದೇ ಸಾಲದು. ಹಾಳೆ ಹರಿದರೆ ಬೆಳೆ ಹೋಗುತ್ತೆ, ಕಂತು ನಿಲ್ಲುತ್ತೆ, ನೋಟಿಸ್ ಹೋಗೋದು ರೈತನ ಮನೆಗೆ. ಲ್ಯಾಬಿಗಲ್ಲ, ಡೀಲರಿಗೂ ಅಲ್ಲ.

ಆದ್ದರಿಂದ ಮೂರು ಕೆಲಸ ಆಗಬೇಕು. ಎಷ್ಟು ಬಿಸಿಲಿಗೆ, ಎಷ್ಟು ಗಂಧಕದವರೆಗೆ ಗ್ಯಾರಂಟಿ ಅನ್ನೋದು ರೈತನ ಭಾಷೆಯಲ್ಲಿ ಕಾರ್ಡಿನ ಮೇಲಿರಬೇಕು. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಹಾಳೆ ಬದಲಿಸುವ ಖರ್ಚನ್ನು ಮೂರನೇ ವರ್ಷಕ್ಕೇ ತೋರಿಸಿ, ಮೊದಲ ಬೆಳೆಯಿಂದಲೇ ಅದಕ್ಕೆ ಹಣ ತೆಗೆದಿಡಿಸಬೇಕು. ಇನ್ನು ಅದೇ ಹಾಳೆಯ ಕೆಲವು ಪಟ್ಟಿಗಳನ್ನು ಅದೇ ಮಾಡಿನ ಮೇಲೆ ಕಟ್ಟಿಟ್ಟು, ಆರು ತಿಂಗಳಿಗೊಮ್ಮೆ ಒಂದನ್ನು ಬಿಚ್ಚಿ ಎಳೆದು ನೋಡಬೇಕು. ಇದಕ್ಕಿಂತ ಅಗ್ಗದ ಭವಿಷ್ಯ ಯಾವ ಜ್ಯೋತಿಷಿಯೂ ಹೇಳಲಾರ!

ನಮ್ಮಲ್ಲಿ ಎಷ್ಟೋ ಜನ ಊರಲ್ಲಿರೋ ತಮ್ಮನಿಗೋ ಭಾವನಿಗೋ ಪಾಲಿಹೌಸ್ ಹಾಕೋಕೆ ಇಲ್ಲಿಂದ ದುಡ್ಡು ಕಳಿಸ್ತೀವಿ, ಸಾಲಕ್ಕೆ ಜಾಮೀನೂ ನಿಲ್ತೀವಿ. ಸಬ್ಸಿಡಿ ಎಷ್ಟು ಅಂತ ಎಲ್ಲರೂ ಕೇಳ್ತಾರೆ. ಹಾಳೆ ಎಲ್ಲಿಯ ಬಿಸಿಲಿಗೆ ಪಾಸಾಗಿದೆ ಅಂತಲೂ ಒಂದು ಮಾತು ಕೇಳಿ. ಏನಂತೀರಿ?