ನಿಲ್ದಾಣದ ಮುಂದಿನ ಬಯಲು ಯಾರದು?

ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ರೈಲ್ವೆ ಟರ್ಮಿನಲ್ 2022ರ ಜೂನ್ ತಿಂಗಳಲ್ಲಿ ಬಾಗಿಲು ತೆರೆಯಿತು. ಸುಮಾರು 314 ಕೋಟಿ ರೂಪಾಯಿ ಖರ್ಚು, ಏಳು ಪ್ಲಾಟ್‌ಫಾರಂ, ಒಳಗೆಲ್ಲ ಹವಾನಿಯಂತ್ರಣ. ಒಳ್ಳೆಯದೇ, ಸೆಕೆಯಲ್ಲಿ ಬೇಯುವ ಜನಕ್ಕೆ ತಂಪು ಬೇಡವೆಂಬ ಹಟ ನಮಗಿಲ್ಲ. ನಮ್ಮ ತಕರಾರೆಲ್ಲ ಬಾಗಿಲಿನಿಂದ ಆಚೆಗೆ.

ಹೊರ ಆವರಣದಲ್ಲಿ ಯಾರಿಗೆಷ್ಟು ಜಾಗವೆಂದು ಆಗ ಪ್ರಕಟವಾದ ಲೆಕ್ಕವನ್ನು ಓದುಗರು ಗಮನಿಸಬೇಕು. ಕಾರುಗಳು 250, ದ್ವಿಚಕ್ರ ವಾಹನಗಳು 900, ಆಟೋಗಳು 50. ಸಾರಿಗೆ ಸಂಸ್ಥೆಯ ಬಸ್ಸುಗಳು ಐದೇ ಐದು! ದಿನಕ್ಕೆ 50,000 ಜನರ ಓಡಾಟವನ್ನು ಅಂದಾಜು ಮಾಡಿದವರೇ ಹಾಕಿದ ಲೆಕ್ಕವಿದು. ಕಟ್ಟಡದ ಕೂಲಿಗೆಂದು ಹೌರಾದಿಂದಲೋ ಗುವಾಹಟಿಯಿಂದಲೋ ಗಂಟುಮೂಟೆ ಹೊತ್ತು ಬಂದಿಳಿಯುವವನು ತನ್ನ ಕಾರನ್ನು ಎಲ್ಲಿ ನಿಲ್ಲಿಸಿರುತ್ತಾನೆ? ಮುರ್ಡೇಶ್ವರದ ಗಾಡಿ ಹತ್ತಲು ಹೋಗುವ ನಮ್ಮವರ ಪಾಡೂ ಅದೇ. ಬೈಯಪ್ಪನಹಳ್ಳಿಯ ಮೆಟ್ರೋ 2011ರಿಂದಲೇ ಓಡುತ್ತಿದೆ. ಆದರೂ ಅಲ್ಲಿಂದ ಇಲ್ಲಿಗೆ ಮಕ್ಕಳುಮರಿಯೊಡನೆ ನಿರ್ಭಯವಾಗಿ ನಡೆದು ಬರುವ ದಾರಿಯನ್ನು ಕಟ್ಟಡದ ಜತೆಜತೆಗೇ ಮಾಡಿಸಬೇಕೆಂದು ಯಾರಿಗೂ ತೋಚಲಿಲ್ಲ.

ಸಿಟಿ ಸ್ಟೇಷನ್ನಿನಲ್ಲಿ ನೂಕುನುಗ್ಗಲು ಉಂಟು, ಕೊಳಕು ಉಂಟು, ಜೇಬುಗಳ್ಳರೂ ಉಂಟು. ಆದರೆ ಎದುರಿಗೆ, ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲಿ, ಬಸ್ ನಿಲ್ದಾಣವಿದೆ. ರೈಲಿಳಿದವನು ರಸ್ತೆ ದಾಟಿದರೆ ಸಾಕು, ಯಾವ ಮೂಲೆಗಾದರೂ ಬಸ್ಸು ಸಿಕ್ಕುತ್ತದೆ. ಅಂದವಿಲ್ಲದಿದ್ದರೂ ಅದು ಜನರ ಚೌಕ.

ಸಣ್ಣ ವ್ಯಾಪಾರಿಗಳು ತಿಳಿಯತಕ್ಕ ಇನ್ನೊಂದು ಸಂಗತಿಯಿದೆ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯಂತೆ, ಸಮೀಕ್ಷೆ ಮುಗಿಯುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಆದರೆ ಅದೇ ಕಾಯಿದೆ ರೈಲ್ವೆಯ ನೆಲಕ್ಕೆ ಅನ್ವಯಿಸುವುದಿಲ್ಲವೆಂದು ಮೊದಲನೆಯ ಕಲಮಿನಲ್ಲೇ ಬರೆದಿದೆ! ಪಾಲಿಕೆಯ ರಸ್ತೆಯಲ್ಲಿ ಬುಟ್ಟಿಯಿಟ್ಟವಳಿಗೆ ಹಕ್ಕುಂಟು. ನಾಲ್ಕು ಹೆಜ್ಜೆ ಮುಂದೆ, ರೈಲ್ವೆಯ ಅಂಗಳದಲ್ಲಿ ಇಟ್ಟರೆ ಆಕೆ ಅಪರಾಧಿ. ಆದ್ದರಿಂದ ಚೌಕದ ನಕ್ಷೆಯಲ್ಲಿ ಮರ, ಕಾರಂಜಿಗಳನ್ನು ನೋಡುವ ಮುಂಚೆ ಎಲ್ಲೆಯ ಗೆರೆ ಎಲ್ಲಿದೆಯೆಂದು ನೋಡತಕ್ಕದ್ದು.

ದಂಡಿನ ನಿಲ್ದಾಣದ ಮಾತೂ ಇದೇ. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ಮೊದಲ ರೈಲು ಬಂದದ್ದು ಅಲ್ಲಿಗೆ. ಅದರ ಪುನರ್ನಿರ್ಮಾಣಕ್ಕೆ 2022ರ ಜೂನ್ 20ರಂದು ಅಡಿಗಲ್ಲು ಬಿದ್ದಿದೆ. ಶಿವಾಜಿನಗರದ ಹಮಾಲಿಗಳೂ ತಳ್ಳುಗಾಡಿಯವರೂ ಅಲ್ಲಿನ ಅಂಗಳದ ನಕ್ಷೆಯನ್ನು ಕನ್ನಡದಲ್ಲಿ ನೋಡಬೇಕು. ಬಸ್ಸು ಬಾಗಿಲಿಗೇ ಬರಬೇಕು. ರಾತ್ರಿ ಇಳಿದವನಿಗೆ ಬೆಳಗಿನ ತನಕ ಕೂರಲು ಸೂರು, ಕುಡಿಯುವ ನೀರು, ಕಾಸು ಕೇಳದ ಪಾಯಖಾನೆ ಬೇಕು. ವ್ಯಾಪಾರಿಗಳಿಗೆ ಗುರುತು ಮಾಡಿದ ಜಾಗ ಬೇಕು. ರೈಲ್ವೆಯವರೂ ಪಾಲಿಕೆಯವರೂ ಕೂಡಿ ಕುಳಿತು, ಈ ಜಾಗದ ಮಟ್ಟಿಗಾದರೂ 2014ರ ಕಾಯಿದೆಯ ರಕ್ಷಣೆ ಸಿಕ್ಕುವಂತೆ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಲಿ. ಆ ಒಪ್ಪಂದದ ಪ್ರತಿಯನ್ನು ನಿಲ್ದಾಣದ ಗೋಡೆಗೆ ಅಂಟಿಸಲಿ.